ಸ್ಕಿಪ್ಪಿಂಗ್ ಹಗ್ಗದ ಟ್ಯಾಗ್ ಓದಿದ ಏಕೈಕ ಗ್ರಾಹಕರ ಬಗ್ಗೆ

ಇಂದ,
ಅರ್ಜಿದಾರಳು,
ಅಂತಿಮ ವರ್ಷ, ವಿನ್ಯಾಸ ವಿಭಾಗ,
ಕಿಟಕಿ ಪಕ್ಕದ ಮೇಜು (ಸದ್ಯಕ್ಕೆ ಕಾರಿಡಾರಿನ ಬೆಂಚು).

ಗೆ,
ಮಾನ್ಯ ಮುಖ್ಯಸ್ಥರು,
ವಿನ್ಯಾಸ ವಿಭಾಗ.

ವಿಷಯ: ಕ್ರೀಡಾ ಸಾಮಗ್ರಿಗಳ ಟ್ಯಾಗ್ ಸಂಶೋಧನೆಯಲ್ಲಿ ನಡೆದ ಅವಾಂತರವನ್ನು ‘ಅಶಿಸ್ತು’ ಎಂಬ ಕಡತದಿಂದ ತೆಗೆದು ‘ಸಂಶೋಧನೆ’ ಎಂಬ ಕಡತಕ್ಕೆ ಸೇರಿಸುವ ಬಗ್ಗೆ.

ಉಲ್ಲೇಖ: ೧) ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿ ಸೂಚನಾ ಫಲಕಕ್ಕೆ ಹಾಕಿದ ತಮ್ಮ ನೋಟಿಸು.
೨) ಅರ್ಜಿದಾರಳ ಸೋದರಮಾವನ ಮೌಖಿಕ ಬೈಗುಳ, ಎರಡು ಕಂತು.

ಮಾನ್ಯರೇ,

‘ನಾನು’ ಎಂದು ಬರೆಯಲು ಹೊರಟರೆ ಅಳು ಬರುತ್ತಿರುವ ಕಾರಣ, ಹಾಗೂ ಅತ್ತರೆ ಕಾಗದ ಒದ್ದೆಯಾಗುವ ಕಾರಣ, ಸದರಿಯವಳು ಈ ಅರ್ಜಿಯುದ್ದಕ್ಕೂ ತನ್ನನ್ನು ಅರ್ಜಿದಾರಳೆಂದೇ ಕರೆದುಕೊಂಡಿದ್ದಾಳೆ. ಮನ್ನಿಸಬೇಕು.

೧. ಕ್ರೀಡಾ ಸಾಮಗ್ರಿ ಕಂಪನಿಯೊಂದಕ್ಕೆ ಟ್ಯಾಗ್ ವಿನ್ಯಾಸ ಮಾಡುವ ಕೆಲಸವನ್ನು ತಾವೇ ಅರ್ಜಿದಾರಳಿಗೆ ವಹಿಸಿದಿರಿ. “ಕೂತಲ್ಲೇ ಇಂಟರ್ನೆಟ್ ಜಾಲಾಡಿ ತರಬೇಡ. ಕೊಂಡವರ ಮನೆಗೆ ಹೋಗು, ಕಣ್ಣಾರೆ ನೋಡು” ಎಂದೂ ತಾವೇ ಹೇಳಿದಿರಿ. ಆದ್ದರಿಂದ ಅರ್ಜಿದಾರಳು ಹನ್ನೊಂದು ಮನೆಗಳ ಮೆಟ್ಟಿಲು ಹತ್ತಿ, ಕಣ್ಣಾರೆ ನೋಡಿದಳು.

೨. ಕಂಡದ್ದು ಹೀಗಿದೆ. ವ್ಯಾಯಾಮದ ಸೈಕಲ್ಲಿನ ಮೇಲೆ ಒದ್ದೆ ಟವೆಲ್. ಬಾಗಿಲು ಬಡಿಯದಂತೆ ಒತ್ತಿಗೆ ಇಟ್ಟ ಡಂಬೆಲ್. ಹಲ್ಲಿ ಓಡಿಸುವ ರಾಕೆಟ್. ಸ್ಕಿಪ್ಪಿಂಗ್ ಹಗ್ಗ ಮಾತ್ರ ಐದು ಮನೆಗಳಲ್ಲಿ ಒಂದೇ ಕೆಲಸದಲ್ಲಿತ್ತು, ಬಾಲ್ಕನಿಯ ಈ ಕಂಬಿಯಿಂದ ಆ ಕಂಬಿಗೆ ಬಿಗಿದು ಬಟ್ಟೆ ಒಣಗಿಸುತ್ತಿದ್ದರು. ಟ್ಯಾಗ್ ಏನಾಯಿತೆಂದು ಕೇಳಿದರೆ “ಯಾವ ಟ್ಯಾಗು?” ಎಂದವರೇ ಹೆಚ್ಚು. ಒಬ್ಬ ಟ್ಯೂಷನ್ ಮೇಷ್ಟ್ರು ಮಾತ್ರ, “ಹಲ್ಲಲ್ಲಿ ಕಚ್ಚಿ ಕಿತ್ತೆನಮ್ಮ, ಅದನ್ನೂ ಬರ್ಕೋತೀಯಾ?” ಎಂದು ಕೇಳಿದರು. ಬರೆದುಕೊಳ್ಳಲಾಗಿದೆ.

೩. ಕಾಗದದ ದಪ್ಪ, ತೂತು, ದಾರ ಇತ್ಯಾದಿ ಪರೀಕ್ಷಿಸಲು ಅರವತ್ತು ಮಾದರಿ ಟ್ಯಾಗ್ ಅಚ್ಚು ಹಾಕಿಸಬೇಕಿತ್ತು. ಟ್ಯಾಗಿನ ಮೇಲೆ ಹಾಕಬೇಕಾದ ಕಂಪನಿಯ ಮ್ಯಾಟರ್, ಅಂದರೆ ಬರಹ, ಬಂದಿರಲಿಲ್ಲ. ಮ್ಯಾಟರ್ ಬರುವ ತನಕ ಜಾಗ ತುಂಬಲು ಏನಾದರೊಂದು ಬರೆಯುವುದು ನಮ್ಮ ಕಸುಬಿನ ಪದ್ಧತಿ ಎಂಬುದು ತಮಗೆ ತಿಳಿದೇ ಇದೆ. ಅರ್ಜಿದಾರಳು ಹನ್ನೊಂದನೇ ಮನೆಯಿಂದ ಆಗಷ್ಟೇ ಬಂದಿದ್ದಳು, ಹೊಟ್ಟೆ ತಾಳ ಹಾಕುತ್ತಿತ್ತು. ಆದ ಕಾರಣ ಕಂಡದ್ದನ್ನೇ ಬರೆದಳು: “ಈ ಹಗ್ಗದಲ್ಲಿ ನೀವು ಮೂರು ದಿನ ನೆಗೆಯುತ್ತೀರಿ. ನಾಲ್ಕನೇ ದಿನದಿಂದ ಬಟ್ಟೆ ಒಣಗಿಸುತ್ತೀರಿ. ಎರಡಕ್ಕೂ ಗಟ್ಟಿಯಾಗಿದೆ.” ಡಂಬೆಲ್‌ಗೆ, “ಗಾಳಿಗೆ ಬಾಗಿಲು ಬಡಿಯುವುದಿಲ್ಲ, ಖಾತ್ರಿ.”

೪. ಟ್ಯಾಗ್‌ಗಳನ್ನು ಪ್ರಯೋಗಕ್ಕೆ ಕಟ್ಟಲು ಒಪ್ಪಿದ್ದು ಅರ್ಜಿದಾರಳ ಸೋದರಮಾವನ ಕ್ರೀಡಾ ಸಾಮಗ್ರಿ ಅಂಗಡಿ. ಮಾಮ ಒಳ್ಳೆಯವರು, ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಅರ್ಜಿದಾರಳು ಮನೆಯಲ್ಲಿಲ್ಲದಾಗ ಬಂದು, ಆಮೇಲೆ ಬಂದ ಕಂಪನಿಯ ಮ್ಯಾಟರ್ ಹಾಕಿ ಕಪಾಟಿನಲ್ಲಿಟ್ಟಿದ್ದ ಅಸಲಿ ಕಟ್ಟನ್ನು ಬಿಟ್ಟು, ಮೇಜಿನ ಮೇಲಿದ್ದ ಮಾದರಿ ಕಟ್ಟನ್ನೇ ಸ್ಕೂಟರಿನಲ್ಲಿ ಹಾಕಿಕೊಂಡು ಹೋದರು. “ನಿನಗ್ಯಾಕೆ ತೊಂದರೆ ಅಂತ ಎಲ್ಲಾ ನಾನೇ ಕಟ್ಟಿಬಿಟ್ಟೆ ಪುಟ್ಟಿ” ಎಂದು ಫೋನೂ ಮಾಡಿದರು. ಅರವತ್ತನ್ನೂ ಸ್ವಂತ ಕೈಯಿಂದ ಕಟ್ಟಿದರು. ಒಂದನ್ನೂ ಓದಲಿಲ್ಲ.

೫. ಮರುದಿನ ತಾವು ಪರಿಶೀಲನೆಗೆ ಅಂಗಡಿಗೆ ಬಂದಿರಿ. ಯಾವ ಕಟ್ಟು ಅಲ್ಲಿ ನೇತಾಡುತ್ತಿದೆ ಎಂದು ಕಂಡ ಕೂಡಲೇ ಅರ್ಜಿದಾರಳು ತಮಗೆ ಅಡ್ಡ ಬಂದಳು. “ಸರ್, ಅದು…” ಎಂದಳು. “ಸುಮ್ನಿರಮ್ಮ, ನೋಡ್ತಿದೀನಲ್ಲ” ಎಂದಿರಿ. ಕನ್ನಡಕ ಹಣೆಗೇರಿಸಿ, ಹಗ್ಗದ ಟ್ಯಾಗನ್ನು ಮೂಗಿನ ಹತ್ತಿರ ಹಿಡಿದು ಎರಡು ನಿಮಿಷ ನೋಡಿದಿರಿ. “ಅಕ್ಷರಗಳ ಮಧ್ಯೆ ಉಸಿರಾಡೋಕೆ ಜಾಗ ಇದೆ. ಭೇಷ್!” ಎಂದು ಅದರ ಹಿಂಬದಿಗೇ ಒಪ್ಪಿಗೆಯ ಸಹಿ ಹಾಕಿದಿರಿ.

ಒಪ್ಪಿಗೆಯಾದ ವಿನ್ಯಾಸವನ್ನು ವಿದ್ಯಾರ್ಥಿ ತಾನಾಗಿ ಬದಲಿಸಬಾರದೆಂಬುದು ವಿಭಾಗದ ನಿಯಮ. ಆದ್ದರಿಂದ ಬದಲಿಸಲಿಲ್ಲ. ನಿಜ ಹೇಳಬೇಕೆಂದರೆ, ಯಾರಾದರೂ ಓದುತ್ತಾರೋ ಇಲ್ಲವೋ ನೋಡೇಬಿಡೋಣ ಎಂಬ ಕೆಟ್ಟ ಕುತೂಹಲವೂ ಇತ್ತು. ಇದಷ್ಟು ಅರ್ಜಿದಾರಳ ತಪ್ಪು.

೬. ಒಂಬತ್ತು ದಿನಗಳಲ್ಲಿ ನಲವತ್ಮೂರು ಸಾಮಾನು ಹೋದವು. ಒಂದು ದೂರೂ ಬರಲಿಲ್ಲ.

೭. ಹತ್ತನೇ ದಿನ ಒಬ್ಬ ನರ್ಸಮ್ಮ ಟ್ಯಾಗನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಬಂದರು. ಅರ್ಜಿದಾರಳು ಅಲ್ಲೇ ಇದ್ದಳು.

“ಇದನ್ನ ಬರೆದೋರು ಯಾರ್ರೀ?”

ಮಾಮ ಆಗ ಮೊದಲ ಬಾರಿಗೆ ಅದನ್ನು ಓದಿದರು. ಅಲ್ಲೇ ಇದ್ದ ಫುಟ್‌ಬಾಲ್ ರಾಶಿಯ ಮೇಲೆ ಕುಸಿದರು. ಅರ್ಜಿದಾರಳು ಕೈ ಎತ್ತಿದಳು.

“ನಮ್ಮನೇಲಿ ಆಗ್ಲೇ ಎರಡು ಹಗ್ಗ ಇವೆ ಕಣಮ್ಮ. ಎರಡರ ಮೇಲೂ ಬಟ್ಟೆ. ನೀನೇನು ನಮ್ಮನೆಗೆ ಬಂದು ನೋಡಿದಂಗೆ ಬರ್ದಿದೀಯಾ! ಮೈಯೆಲ್ಲ ಉರೀತು. ನಾಲ್ಕನೇ ದಿನ ಮಂಡಿ ನೋವು, ಬಿಟ್ಟುಬಿಡೋಣ ಅನಿಸ್ತು. ಇದನ್ನ ಬರೆದೋರ ಮಾತು ನಿಜ ಆಗೋಕೆ ಬಿಡ್ತೀನಾ ಅಂತ ನೆಗೆದೆ. ಇವತ್ತಿಗೆ ಒಂಬತ್ತು ದಿನ ಆಯ್ತು.”

“ಎಲ್ಲಾ ಓದಿದ್ರಾ?” ಎಂದು ಅರ್ಜಿದಾರಳು ಕೇಳಿದಳು.

“ಓದ್ದೇ ಚುಚ್ಚಿದ್ರೆ ಜನ ಸಾಯ್ತಾರಮ್ಮ. ಅಕ್ಷರ ಕಂಡ್ರೆ ಓದೋದೇ ನಮಗೆ ಅಭ್ಯಾಸ.”

ಈ ನಾಲ್ಕು ವರ್ಷಗಳಲ್ಲಿ ಅರ್ಜಿದಾರಳ ಅಕ್ಷರಗಳನ್ನು ನೋಡಿದವರು ಬಹಳ, ಓದಿದವರು ಇವರೊಬ್ಬರೇ. ಅವಳಿಗೆ ಅಲ್ಲೇ ಕಣ್ಣು ತುಂಬಿತು. ನರ್ಸಮ್ಮ ಗಾಬರಿಯಾಗಿ ನಾಡಿ ಹಿಡಿದು ನೋಡಿದರು.

೮. ನರ್ಸಮ್ಮ ಹೋದ ಮೇಲೆ ಮಾಮ ಹೆದರಿ ಕಂಪನಿಗೆ ಫೋನು ಮಾಡಿದರು, ಕಂಪನಿಯವರು ತಮಗೆ ಮಾಡಿದರು, ತಾವು ನೋಟಿಸು ಹಾಕಿದಿರಿ. ಅದರ ಪ್ರಕಾರ ಅರ್ಜಿದಾರಳು ಸೋಮವಾರದ ಅಂತಿಮ ಮೌಲ್ಯಮಾಪನಕ್ಕೆ ಕೂರುವಂತಿಲ್ಲ. ಕೂರದಿದ್ದರೆ ಒಂದು ವರ್ಷ ಮಣ್ಣುಪಾಲು. ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ. ಅರ್ಜಿದಾರಳಿಗೆ ಭಯವಾಗಿದೆ ಎಂಬುದನ್ನು ಈ ಮೂಲಕ ದೃಢೀಕರಿಸಲಾಗಿದೆ.

ಆದ್ದರಿಂದ, ತಾವು ಹೇಳಿದಂತೆಯೇ ಮನೆಮನೆಗೆ ಹೋದ ಕಾರಣ, ಕಂಡದ್ದನ್ನೇ ಬರೆದ ಕಾರಣ, ಓದಿದ ಒಬ್ಬರೇ ಒಬ್ಬರು ಇಂದಿಗೂ ನೆಗೆಯುತ್ತಿರುವ ಕಾರಣ, ಸದರಿ ನೋಟಿಸನ್ನು ರದ್ದುಪಡಿಸಿ ಸೋಮವಾರ ಅರ್ಜಿದಾರಳನ್ನು ಒಳಗೆ ಬಿಡಬೇಕಾಗಿ ಪ್ರಾರ್ಥನೆ.

ತಮ್ಮ ಮೇಲೆ ಈಗಲೂ ವಿಶ್ವಾಸವಿಟ್ಟಿರುವ,
ಅರ್ಜಿದಾರಳು

ಲಗತ್ತುಗಳು:
೧) ಹನ್ನೊಂದು ಮನೆಗಳ ಫೋಟೋ. ಒಳ ಉಡುಪು ಕಾಣುವ ಕಡೆ ಮಸಿ ಬಳಿಯಲಾಗಿದೆ.
೨) ನರ್ಸಮ್ಮನ ಲಿಖಿತ ಹೇಳಿಕೆ, ಮಂಡಿಗೆ ಹಚ್ಚಿದ ಮುಲಾಮಿನ ಕಲೆ ಸಮೇತ.
೩) ತಮ್ಮ ಸಹಿ ಇರುವ ಟ್ಯಾಗ್. (ನೆರಳಚ್ಚು ಮಾತ್ರ. ಮೂಲಪ್ರತಿ, ಅದೇ ಹಗ್ಗ ಕೊಂಡ ನರ್ಸಮ್ಮನ ಬಳಿ ಭದ್ರವಾಗಿದೆ.)

ವಿಶೇಷ ಸೂಚನೆ: ಈ ಅರ್ಜಿಯನ್ನು ಪೂರ್ತಿ ಓದಿ ಅನುಮತಿಯ ಸಹಿ ಮಾಡಬೇಕಾಗಿ ಕೋರಿಕೆ. ಪುರುಸೊತ್ತಿಲ್ಲದಿದ್ದರೆ, ಅಕ್ಷರಗಳ ನಡುವೆ ಜಾಗ ಧಾರಾಳ ಬಿಟ್ಟಿದೆ, ಸಹಿ ಮಾಡಬೇಕಾದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಓದದೆಯೇ ಮಾಡಿದರೂ ಅರ್ಜಿದಾರಳ ಆಕ್ಷೇಪಣೆ ಇರುವುದಿಲ್ಲ.