ಸಡಿಲ ಬಿಜಾಗ್ರಿ, ಬಿಗಿ ಸಂಶಯ

ಕಪಾಟಿನ ಬಾಗಿಲು ಜೋತುಬಿದ್ದ ಮನೆಯಲ್ಲಿ ಯಾರೂ ಕಪಾಟನ್ನು ಬೈಯುವುದಿಲ್ಲ. ಮೊದಲು ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ, ಆಮೇಲೆ ಎಲ್ಲರೂ ಸೇರಿ ರಿಪೇರಿಗೆ ಬಂದ ನನ್ನನ್ನು ಅನುಮಾನಿಸುತ್ತಾರೆ. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಜೋಡಣೆಯಾಗುವ ಕಪಾಟುಗಳಿವೆಯಲ್ಲ, ಅವುಗಳ ಹಲಗೆ ಮರದ ಹೊಟ್ಟಿನದು. ಹಳೆಯದಾದ ಹಾಗೆ ಬಾಗಿಲು ಹಿಡಿದಿರುವ ಬಿಜಾಗ್ರಿಯ ಸ್ಕ್ರೂ ತೂತು ಸವೆದು ಅಗಲವಾಗುತ್ತದೆ. ಸ್ಕ್ರೂ ಗಿರಗಿರ ತಿರುಗುತ್ತದೆ, ಹಿಡಿಯುವುದಿಲ್ಲ. ಆ ತೂತಿಗೆ ಗೋಂದು ಸವರಿದ ಬಿದಿರು ಕಡ್ಡಿ ತುರುಕಿ, ಒಣಗಿದ ಮೇಲೆ ಮತ್ತೆ ಸ್ಕ್ರೂ ಕೂರಿಸುವುದು ನನ್ನ ಕೆಲಸ. ಚೀಲದಿಂದ ಕಡ್ಡಿ ಹೊರಗೆ ಬಂದ ಕೂಡಲೇ ಜನರ ಹುಬ್ಬು ಮೇಲೇರುತ್ತದೆ.

೧. ಕೇಶ್ವಾಪುರದ ಇಲಿ

ಕೇಶ್ವಾಪುರದ ಒಬ್ಬ ಯಜಮಾನರು ನನ್ನ ಕಡ್ಡಿ ನೋಡಿ, ಹಲ್ಲಿಗೆ ಚುಚ್ಚುವ ಕಡ್ಡಿಯಿಂದ ಬಾಗಿಲು ನಿಲ್ಲುತ್ತದೆಯೇ, ಇದರಲ್ಲೇನೋ ಮೋಸವಿದೆ ಎಂದು ನನ್ನನ್ನು ವಾಪಸು ಕಳಿಸಿದರು. ಪೇಟೆಗೆ ಹೋಗಿ ಉದ್ದನೆಯ ಸ್ಕ್ರೂ ತಂದು ತಾವೇ ಬಿಗಿದರು.

ಸ್ವಲ್ಪ ದಿನ ಬಿಟ್ಟು ಅವರ ಹೆಂಡತಿಯ ಫೋನು. ಬಾಗಿಲು ಮತ್ತೆ ಜೋತಾಡುತ್ತಿದೆ, ಅದು ಸಾಯಲಿ, ಕಪಾಟಿನಲ್ಲಿ ಇಲಿ ಸೇರಿಕೊಂಡು ಇಳಕಲ್ ಸೀರೆ ಹರಿದುಹಾಕಿದೆ ಎಂದರು. ಹೋಗಿ ನೋಡಿದರೆ ಸೀರೆಗಳ ನಡುವೆ ಇಲಿ ಬೋನು ಇಟ್ಟಿದ್ದಾರೆ. ಯಜಮಾನರ ಸ್ಕ್ರೂ ನಡುವಿನ ಹಲಗೆ ದಾಟಿ ಪಕ್ಕದ ಖಾನೆಯಲ್ಲಿ ಮೂತಿ ಹೊರಗೆ ಹಾಕಿ ಕೂತಿತ್ತು. ಸೀರೆ ಎಳೆದಾಗಲೆಲ್ಲ ಅದಕ್ಕೆ ಸಿಕ್ಕಿ ಹರಿಯುತ್ತಿತ್ತು. ನಾನು ತಲೆ ಎತ್ತಿದೆ. ಹೆಂಡತಿಯ ಬೆನ್ನ ಹಿಂದೆ ಯಜಮಾನರು ನನ್ನ ಕಡೆ ಎರಡೂ ಕೈ ಜೋಡಿಸಿಕೊಂಡು ನಿಂತಿದ್ದರು.

"ಇಲಿ ಕಾಣಿಸ್ತೇನ್ರಿ?" ಎಂದರು ಆಕೆ.

"ಕಾಣಿಸ್ತರಿ ಅಕ್ಕಾರ," ಎಂದೆ. "ಭಾಳ ದೊಡ್ಡದೈತ್ರಿ. ಈ ಬೋನಿನ್ಯಾಗ ಹಿಡಸೂದಿಲ್ಲ."

೨. ಅಜ್ಜಿಯ ಕಾವಲು

ನವನಗರದ ಒಂದು ಓಣಿಯಲ್ಲಿ ಅಜ್ಜಿಯ ಕಪಾಟು. ಖಾಲಿ ಮಾಡಿಕೊಡಿ ಎಂದರೆ ಒಪ್ಪಲಿಲ್ಲ. ಸಾಮಾನಿನ ಮೇಲೆ ಚಾದರ ಹೊದಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ನಾನು ಒಳಗೆ ಕೈ ಹಾಕಿದಾಗಲೆಲ್ಲ ಕೆಮ್ಮುತ್ತಿದ್ದರು. ನನಗೂ ಸಿಟ್ಟು ಬಂತು. ನಾನೇನು ಕಳ್ಳನೇ?

ಅಷ್ಟರಲ್ಲಿ ಬಿಜಾಗ್ರಿಯ ತೂತಿನಿಂದ ಇರುವೆ ಸಾಲು ಹೊರಟಿತು. ಮಲಗುವ ಕೋಣೆಯ ಕಪಾಟಿನಲ್ಲಿ ಇರುವೆಗೇನು ಕೆಲಸ ಎಂದು ಸಂಶಯ ಬಂದು ಸಾಲಿನ ಹಿಂದೆ ಕಣ್ಣು ಹಾಯಿಸಿದೆ. ಚಾದರದ ಮೂಲೆಯಲ್ಲಿ ಧಾರವಾಡ ಪೇಢೆಯ ಡಬ್ಬಿ. ಅಜ್ಜಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಸಿಹಿ ಪೂರ್ತಿ ಬಂದ್ ಎಂದು ಸೊಸೆ ಆಗಲೇ ಹೇಳಿದ್ದರು. ಸರಿಯಾಗಿ ಅದೇ ಹೊತ್ತಿಗೆ ಸೊಸೆ ಚಹಾ ತಂದು, ಇರುವೆ ನೋಡಿ, ಇವೆಲ್ಲಿಂದ ಬಂದವು ಎಂದು ಕೇಳಿದರು.

ಅಜ್ಜಿ ಕಣ್ಣು ಸಹ ಮಿಟುಕಿಸಲಿಲ್ಲ. "ಈ ಮಿಸ್ತ್ರಿ ಗೋಂದಿನ್ಯಾಗ ಬೆಲ್ಲಾ ಕಲಸ್ಯಾನವಾ. ನಾ ಆಗ್ಲಿಂದ ನೋಡಾಕತ್ತೇನಿ."

ಆ ಮುಖ ನೋಡಿ ನಿಜ ಹೇಳುವ ಮನಸ್ಸಾಗಲಿಲ್ಲ. ಸಂಜೆಯೊಳಗೆ ಬೆಲ್ಲದ ಗೋಂದಿನ ಸುದ್ದಿ ಓಣಿಯ ತುಂಬ ಹಬ್ಬಿ, ಕರೆಯುತ್ತಿದ್ದವರೂ ಕರೆಯುವುದು ಬಿಟ್ಟರು. ನನಗೆ ಅಂಗಡಿಯಿಲ್ಲ, ಬೋರ್ಡಿಲ್ಲ, ಇರುವುದು ಹೆಸರೊಂದೇ. ಅದಕ್ಕೇ ಇರುವೆ ಹತ್ತಿತು.

೩. ಚಪ್ಪಲಿ ಕಪಾಟು

ಅದೇ ಓಣಿಯ ಕಾಳಿನ ವ್ಯಾಪಾರಿಯೊಬ್ಬರು ಮಾತ್ರ ಬೇರೆ ದಾರಿಯಿಲ್ಲದೆ ಕರೆದರು. ಮಗನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗಿಯ ಕಡೆಯವರು ಅಮ್ಮಿನಬಾವಿಯಿಂದ ಮನೆ ನೋಡಲು ಬರುವವರಿದ್ದರು. ಬಾಗಿಲಲ್ಲೇ ಇದ್ದ ಚಪ್ಪಲಿ ಕಪಾಟು ಜೋತುಬಿದ್ದಿತ್ತು.

"ಕಡ್ಡಿ ನಮ್ಮದು, ಗೋಂದು ನಮ್ಮದು, ಕೈ ಅಷ್ಟ ನಿಮ್ಮದು," ಎಂದು ಷರತ್ತು ಹಾಕಿದರು. ದೇವರ ಜಗಲಿಯ ಮುಂದೆ ಉರಿದು ಉಳಿದ ಊದಿನಕಡ್ಡಿಗಳ ಬುಡವನ್ನು ತಾವೇ ತಂದುಕೊಟ್ಟರು. ಅದೂ ಬಿದಿರೇ, ತೂತಿಗೆ ಸರಿಯಾಗಿ ಕೂತಿತು. ಬೀಗರು ಬರುವ ದಿನ ನಾನು ಕಪಾಟಿನ ಪಕ್ಕದಲ್ಲೇ ಇರಬೇಕು, ಬಾಗಿಲು ಬಿದ್ದರೆ ಹಿಡಿಯಬೇಕು ಎಂಬುದು ಇನ್ನೊಂದು ಷರತ್ತು. ಒಪ್ಪಿದೆ. ಎಲ್ಲರೆದುರು ಬಾಗಿಲು ನಿಂತರೆ ಓಣಿಯಲ್ಲಿ ನನ್ನ ಹೆಸರು ಉಳಿಯುತ್ತದೆ, ಬಿದ್ದರೆ ಇನ್ನು ಆ ಕಡೆ ತಲೆ ಹಾಕುವಂತಿಲ್ಲ.

ಆ ದಿನ ಬೆಳಿಗ್ಗೆ ವ್ಯಾಪಾರಿಯ ತಾಯಿಗೆ ಕಡ್ಡಿಯ ವಿಷಯ ಗೊತ್ತಾಯಿತು. ದೇವರ ಮುಂದೆ ಉರಿದ ಕಡ್ಡಿಯ ಜತೆ ಚಪ್ಪಲಿ ಇಡುತ್ತೀರಾ ಎಂದು ಮಗನನ್ನು ಬೈದು, ಕಪಾಟು ಖಾಲಿ ಮಾಡಿಸಿ, ಒರೆಸಿ, ಬಿಜಾಗ್ರಿಗೆ ವಿಭೂತಿ ಹಚ್ಚಿ ಹೂವಿಟ್ಟರು. ಎಲ್ಲರ ಚಪ್ಪಲಿ ಗೇಟಿನ ಹೊರಗೆ ಹೋದವು.

ಬೀಗರು ಬಂದರು. ಹುಡುಗಿಯ ಸೋದರಮಾವ ಚಪ್ಪಲಿ ಕೈಯಲ್ಲಿ ಹಿಡಿದು ನೇರ ಕಪಾಟಿಗೆ ಬಂದರೆ, ಮನೆಯ ಹಿರಿಯಾಕೆ ಅಡ್ಡ ನಿಂತು ಹೊರಗಿಡಿ ಎಂದರು. ಆತ ಕಣ್ಣು ಕಿರಿದು ಮಾಡಿ ಕಪಾಟನ್ನು ನೋಡಿದರು, ಅದಕ್ಕೆ ಅಂಟಿಕೊಂಡು ಕೂತ ನನ್ನನ್ನು ನೋಡಿದರು. ಇವರು ಯಾರು ಎಂದು ಕೇಳಿದರು. ನಮ್ಮವರೇ ಎಂದರು ವ್ಯಾಪಾರಿ. ಮತ್ತೆ ಅಲ್ಲೇಕೆ ಕೂತಿದ್ದಾರೆ?

"ಅವರಿಗೆ ಅಲ್ಲೇ ಛಲೋ ಅನಸ್ತೈತ್ರಿ."

ಮಾವ ಅವಲಕ್ಕಿ ತಟ್ಟೆ ಮುಟ್ಟಲಿಲ್ಲ. ಈ ಮನೆಯವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಎದ್ದವರೇ ಕಪಾಟಿನ ಬಾಗಿಲನ್ನು ಜಗ್ಗಿದರು. ನನ್ನ ಕೈ ತಾನಾಗಿ ಬಾಗಿಲ ಕೆಳಗೆ ಹೋಯಿತು. ಬಾಗಿಲು ತೆರೆದುಕೊಂಡಿತು, ಜೋಲದೆ ನೆಟ್ಟಗೆ ನಿಂತಿತು. ಒಳಗೆ ವಿಭೂತಿ, ಹೂವು, ಮತ್ತೇನೂ ಇಲ್ಲ.

"ಖರೇ ಹೇಳ್ರಿ, ಏನಿದು?" ಎಂದು ನನ್ನನ್ನೇ ಕೇಳಿದರು. ವ್ಯಾಪಾರಿಯ ಮುಖ ಬಿಳಿಚಿತ್ತು. ನಾನು ಊದಿನಕಡ್ಡಿಯಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಆತ ಬಾಗಿಲನ್ನು ಇನ್ನೊಮ್ಮೆ ತೆಗೆದು ಹಾಕಿ ನೋಡಿ ಹುಡುಗಿಯ ತಂದೆಯ ಕಡೆ ತಿರುಗಿದರು.

"ಮಾತು ಮುಗಸ್ರಿ. ಬಿಜಾಗ್ರಿಗೆ ಇಷ್ಟು ಮರ್ಯಾದಿ ಕೊಡೂ ಮಂದಿ, ಹುಡುಗಿಗೆ ಸ್ವಲ್ಪರ ಕೊಟ್ಟಾರು."

ಸಂಬಂಧ ಗೊತ್ತಾಯಿತೆಂದು ಸಕ್ಕರೆ ಹಂಚಿದರು. ವ್ಯಾಪಾರಿ ನೆರೆಯವರಿಗೆಲ್ಲ ನಮ್ಮ ಮಿಸ್ತ್ರಿ, ನಮ್ಮ ಮಿಸ್ತ್ರಿ ಎಂದು ನನ್ನನ್ನು ತೋರಿಸಿದರು. ಖುಷಿಯಿಂದ ಗೇಟಿಗೆ ಬಂದೆ. ನನ್ನ ಹೊಸ ಚಪ್ಪಲಿ ಇರಲಿಲ್ಲ. ಆ ಜಾಗದಲ್ಲಿ ಉಂಗುಷ್ಟ ಕಿತ್ತ ಹಳೆಯ ಜೋಡೊಂದು ಬಿದ್ದಿತ್ತು. ಬೀಗರ ಗಾಡಿ ಆಗಲೇ ಓಣಿಯ ತಿರುವು ದಾಟಿತ್ತು. ಬಾಯಿ ತೆರೆಯುವಷ್ಟರಲ್ಲಿ ಹಿರಿಯಾಕೆ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು:

"ಸುಮ್ನಿರಪಾ. ಬೀಗರ ಮ್ಯಾಲ ಸಂಶಯ ಪಡಬಾರ್ದು."