ಅತ್ತಿಗೆಯ ಮೂಗು, ನನ್ನ ಸಹಿ

ಇದನ್ನು ಮುಂದಿನ ಮಳೆಗಾಲ ಬರೆಯೋಣ ಎಂದುಕೊಂಡೇ ಇಪ್ಪತ್ತು ಮಳೆಗಾಲ ದಾಟಿಸಿದ್ದೇನೆ. ಕಾನಸೂರು ಕಡೆಯ ನಮ್ಮೂರಿನಲ್ಲಿ ನಳದ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು ನಾನು. ಎಸ್ಸೆಸ್ಸೆಲ್ಸಿ ಪಾಸಾದ ನನಗಿಂತ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಅತ್ತಿಗೆಯ ಮೂಗು ಹೆಚ್ಚು ಓದಿಕೊಂಡಿತ್ತು ಎಂದರೆ ನಂಬುತ್ತೀರಾ?

ನಮ್ಮಲ್ಲಿ ನೆಂಟರು ಬಂದರೆ ಮೊದಲು ಕೇಳುವುದು, "ಆಸ್ರಿಗೆ ಎಂತ ಬೇಕು?" ಬಾಯಾರಿಕೆಗೆ ಏನು ಕೊಡಲಿ ಎಂದು. ಮಜ್ಜಿಗೆಯೋ ಪಾನಕವೋ ಹೇಳಿ ಸುಮ್ಮನೆ ಕೂರುವುದು ಮರ್ಯಾದೆ. ಅತ್ತಿಗೆ ಮಾತ್ರ, "ನೀರು ಎಷ್ಟು ಹೊತ್ತು ಕುದ್ದಿದ್ದು?" ಎಂದು ಮರುಪ್ರಶ್ನೆ ಹಾಕುತ್ತಿದ್ದಳು. ಉತ್ತರ ತಡವಾದರೆ ಚೀಲದಿಂದ ಅವಳೇ ಕುದಿಸಿ ತಂದ ನೀರಿನ ಹಿತ್ತಾಳೆ ಚೊಂಬು ಹೊರಬರುತ್ತಿತ್ತು. ಶಿರಸಿಯ ಒಂದು ಮದುವೆಯಲ್ಲಿ ಪುರೋಹಿತರು ಅದನ್ನು ಗಂಗಾಜಲವೆಂದು ತಿಳಿದು ಕಲಶಕ್ಕೆ ಸುರಿದುಕೊಂಡರು. "ಅಡ್ಡಿಲ್ಲೆ, ಮದುಮಕ್ಕಳ ಹೊಟ್ಟೆ ಕೆಡ್ತಿಲ್ಲೆ" ಎಂದಳು.

ಅವಳ ಮಗನಿಗೆ ಹೆಣ್ಣು ನೋಡಲು ಯಲ್ಲಾಪುರದ ನಂದೊಳ್ಳಿಗೆ ಹೋಗಿದ್ದೆವು. ಹಿರಿಯರು ಜಾತಕ ಬಿಚ್ಚಿ ಕುಳಿತಿದ್ದರೆ, ಅತ್ತಿಗೆ ಹಿತ್ತಲಿನಲ್ಲಿ ಬಾವಿಯಿಂದ ಪಾಯಖಾನೆ ಗುಂಡಿಯವರೆಗೆ ಹೆಜ್ಜೆ ಎಣಿಸುತ್ತಿದ್ದಳು. ಒಳಗೆ ಬಂದು ಹುಡುಗಿಯ ಅಪ್ಪನಿಗೆ ಹೇಳಿದಳು: "ಭಾವಯ್ಯಾ, ಕೂಸು ಚೊಲೋ ಇದ್ದು. ಗುಂಡಿ ಮಾತ್ರ ಬಾವಿಗೆ ರಾಶಿ ಹತ್ರ ಆತು."

ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಆ ಗುಂಡಿ ಸ್ಥಳಾಂತರವಾಯಿತು. ಅವಳಿಗೆ "ಲ್ಯಾಬ್ ಅತ್ತಿಗೆ" ಎಂದು ಹೆಸರಿಟ್ಟವನು ನಾನು. ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಊರಿನ ಅರ್ಧ ಜನಕ್ಕೆ ಅವಳ ನಿಜವಾದ ಹೆಸರು ಗೊತ್ತಿಲ್ಲ.

ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಊರಿಗೆ ಊರೇ ನನ್ನನ್ನು ಬೈಯುತ್ತಿತ್ತು. ಚಹ ಕೆಟ್ಟಿತಂತೆ, ಅನ್ನ ನಾರಿತಂತೆ. ವಾಸನೆ ಬರದಿದ್ದರೆ ಬೈಯುವವಳು ಅತ್ತಿಗೆ ಒಬ್ಬಳೇ. ಒಬ್ಬಳ ಬೈಗುಳ ಹೆಚ್ಚೋ, ಊರಿನದೋ? ಇಪ್ಪತ್ತು ವರ್ಷದ ಹಿಂದೆ ಒಂದು ಮಳೆಗಾಲ ಪೌಡರ್ ಹಾಕುವುದನ್ನೇ ಬಿಟ್ಟೆ. ಪಂಚಾಯ್ತಿಯ ದಾಖಲೆ ಪುಸ್ತಕದಲ್ಲಿ ಮಾತ್ರ "ಹಾಕಿದೆ" ಎಂದು ಬರೆದು ದಿನವೂ ಸಹಿ ಮಾಡಿದೆ. ಚಹಕ್ಕೆ ರುಚಿ ಬಂತೆಂದು ಜನ ಹೊಗಳಿದರು.

ಅತ್ತಿಗೆ ಲೋಟ ಹಿಡಿದು ಬಂದಳು. "ತಮ್ಮಾ, ಪೌಡರ್ ಹಾಕಿದ್ಯ? ವಾಸನೆನೇ ಇಲ್ಲೆ."

"ಹಾಕಿದ್ದಿ ಅತ್ತಿಗೆ. ನಿಂಗೆ ಶೀತ ಆಯ್ದು ಕಾಣ್ತು," ಎಂದೆ, ನಳದ ಹತ್ತಿರ ನಿಂತವರಿಗೆಲ್ಲ ಕೇಳುವಂತೆ.

ಎಲ್ಲರೂ ನಕ್ಕರು. ಅವಳು ಇನ್ನೊಮ್ಮೆ ಲೋಟ ಮೂಸಿ, ತನ್ನ ಮೂಗನ್ನೇ ಸವರಿಕೊಳ್ಳುತ್ತ ಹೊರಟುಹೋದಳು.

ವಾರದೊಳಗೆ ಕೇರಿಗೆಲ್ಲ ವಾಂತಿ ಭೇದಿ. ಮೊದಲು ಮಲಗಿದವನು ನಾನೇ. ದೇವರ ಕಚೇರಿಯಲ್ಲಿ ಕಡತ ಅಷ್ಟು ಬೇಗ ವಿಲೇವಾರಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಬೆರೆಸಿ, ಮೂರು ದಿನ ಮನೆಮನೆಗೆ ತಿರುಗಿ ಕುಡಿಸಿದವಳು ಅತ್ತಿಗೆ. ನನಗೂ ತಲೆ ಎತ್ತಿ ಹಿಡಿದು ಕುಡಿಸಿದಳು. ಎಲ್ಲರೂ ಎದ್ದು ಓಡಾಡಿದರು. ಊರವರು ತಪ್ಪನ್ನು ಆ ವಾರದ ಸಂತರ್ಪಣೆಯ ಕೋಸಂಬರಿಯ ಮೇಲೆ ಹೊರಿಸಿದರು. ನಾನೂ ಹೌದೆಂದೆ. ಕೋಸಂಬರಿ ಎದುರು ಮಾತಾಡಲಿಲ್ಲ.

ಆಮೇಲೆ ನಿವೃತ್ತನಾಗುವವರೆಗೆ ಒಂದು ದಿನವೂ ಪೌಡರ್ ತಪ್ಪಿಸಲಿಲ್ಲ. ತಪ್ಪಾಯಿತು ಎಂದು ಅವಳಿಗೆ ಹೇಳಲೂ ಇಲ್ಲ.

ಕೊರೊನಾ ಬಂದು ಹೋದ ಮೇಲೆ ಅತ್ತಿಗೆಯ ಮೂಗಿಗೆ ವಾಸನೆ ಹತ್ತುವುದಿಲ್ಲ. ಈಗ ದಿನಾ ಬೆಳಿಗ್ಗೆ ಲೋಟ ಹಿಡಿದು ನಮ್ಮ ಜಗಲಿಗೆ ಬರುತ್ತಾಳೆ.

"ಮೂಸಿ ಹೇಳು ತಮ್ಮಾ. ಈಗ ನೀರು ಬಿಡೋರ ಮೇಲೆ ಎನಗೆ ನಂಬಿಕೆ ಇಲ್ಲೆ. ನೀ ಇದ್ದಾಗ ಚಿಂತೆ ಇತ್ತಿಲ್ಲೆ. ಅವತ್ತು ಒಂದ್ಸಲ ಎನ್ನ ಮೂಗೇ ತಪ್ಪಿತ್ತು."

ಇವತ್ತೂ ಮೂಸಿದೆ. "ವಾಸನೆ ಇದ್ದು, ಕುಡಿ" ಎಂದೆ. ಅವಳು ಹೋದ ಮೇಲೆ ಕೂತು ಇದನ್ನು ಬರೆದೆ. ನಾಳೆ ಲೋಟ ಹಿಂದಿರುಗಿಸುವಾಗ ಈ ಹಾಳೆಯನ್ನೂ ಅವಳ ಕೈಗೆ ಕೊಡುತ್ತೇನೆ.

ನಿನ್ನ ಮೂಗು ಯಾವತ್ತೂ ತಪ್ಪಿರಲಿಲ್ಲ, ಮಹಾದೇವಿ ಅತ್ತಿಗೆ.