ಮನುಷ್ಯನೋ ಮಿಷನ್ನೋ

ಎಲ್ಲ ಗೋಳಿಗೂ ಮೂಲ ಅರ್ಜಿಯ ಕೊನೆಯಲ್ಲಿದ್ದ ಎರಡು ಪುಟ್ಟ ಚೌಕಗಳು. ಮೊದಲನೆಯದಕ್ಕೆ ಗುರುತು ಹಾಕಿದರೆ ಇಂಗ್ಲಿಷ್ ಮಾತಿನ ಪರೀಕ್ಷೆಗೆ ಎದುರು ಮನುಷ್ಯರೊಬ್ಬರು ಕೂರುತ್ತಾರೆ. ಎರಡನೆಯದಕ್ಕೆ ಹಾಕಿದರೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರಿನ ಜೊತೆ ಮಾತಾಡಬೇಕು. ಯಾವುದು ಪಾಸಾದರೂ ಸಮುದ್ರದಾಚೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಗುತ್ತಿತ್ತು. ಬ್ರದರ್‌ನ ಹೆಂಡತಿ ಎಂಟು ತಿಂಗಳಿಂದ ಅಲ್ಲೇ ನರ್ಸ್. ಅರ್ಜಿಗೆ ಇವತ್ತು ಸಂಜೆ ಐದು ಗಂಟೆಯೇ ಕೊನೆ.

ಇಲ್ಲಿನ ಮೂಳೆ ವಾರ್ಡಿನಲ್ಲಿ ಗಂಡು ನರ್ಸ್ ಆಗಿದ್ದ ಅವನನ್ನು ಎಲ್ಲರೂ ಬ್ರದರ್ ಎಂದೇ ಕರೆಯುತ್ತಿದ್ದರು. ಎಡಗಾಲೋ ಬಲಗಾಲೋ ಎಂದು ಮೂರು ಸಲ ಕೇಳದೆ ಅವನು ಬ್ಯಾಂಡೇಜು ಮುಟ್ಟಿದವನಲ್ಲ. ರೋಗಿಗಳಿಗೆ ಅದರಿಂದ ಧೈರ್ಯ, ಹೆಂಡತಿಗೆ ಅದರಿಂದಲೇ ತಲೆನೋವು.

"ರೀ, ಗುರುತು ಹಾಕಿದ್ರಾ?" ಬೆಳಿಗ್ಗೆ ಡ್ಯೂಟಿಗೆ ಬರುವಷ್ಟರಲ್ಲೇ ಅವಳ ಫೋನು.

"ಯೋಚ್ನೆ ಮಾಡ್ತಿದೀನಿ ಕಣೇ."

"ನನ್ನ ಮದ್ವೆ ಆಗೋಕೂ ಹೀಗೇ ಒಂದೂವರೆ ವರ್ಷ ಯೋಚ್ನೆ ಮಾಡಿದ್ರಿ. ನಾನು ಕಾದೆ, ಆಸ್ಪತ್ರೆ ಕಾಯಲ್ಲ. ಇಲ್ಲಿ ರೂಮಲ್ಲಿ ಎರಡು ಕುರ್ಚಿ ತಂದಿಟ್ಟಿದೀನಿ. ಒಂದ್ರಲ್ಲಿ ನಾನು, ಇನ್ನೊಂದ್ರಲ್ಲಿ ಮಡಿಸದೇ ಇರೋ ಬಟ್ಟೆ. ಬಟ್ಟೆ ಜೊತೆ ಎಷ್ಟು ದಿನ ಮಾತಾಡ್ಲಿ, ಹೇಳಿ?"

ಬ್ರದರ್ ಮೂರು ವರ್ಷ ಸಂಜೆ ಕ್ಲಾಸಿಗೆ ಹೋಗಿ ಇಂಗ್ಲಿಷ್ ಕಲಿತಿದ್ದ. ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು. ಆದರೆ ಮಾತಾಡು ಎಂದರೆ ಸಾಕು, ನಾಲಿಗೆ ಒಣಗಿದ ಪ್ಲಾಸ್ಟರಿನ ಹಾಗೆ ಸೆಟೆದು ಕೂರುತ್ತಿತ್ತು.

ಅರ್ಜಿಯನ್ನು ವಾರ್ಡಿನ ಕಂಪ್ಯೂಟರಿನಲ್ಲಿ ತೆರೆದಿಟ್ಟದ್ದೇ ತಪ್ಪಾಯಿತು. ಹೆಡ್ ಸಿಸ್ಟರ್ ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದರು. "ಇದ್ರಲ್ಲಿ ಯೋಚ್ನೆ ಏನು ಬ್ರದರ್? ಮನುಷ್ಯನ್ನೇ ಹಾಕ್ಕೊಳ್ಳಿ. ನೀವು ತಡವರಿಸಿದ್ರೆ ಪಾಪ ಅಂತಾರೆ. ಮಿಷನ್ನಿಗೆ ಪಾಪ ಅನ್ನೋಕೆ ಬರತ್ತಾ?"

ಫಿಲ್ಮ್ ಕೊಡಲು ಬಂದಿದ್ದ ಎಕ್ಸ್‌ರೇಯವರು ಅಲ್ಲೇ ನಿಂತರು. "ಏನ್ ಮೇಡಂ ಹೀಗಂತೀರಾ! ಹದಿನಾಲ್ಕು ವರ್ಷದಿಂದ ಮಿಷನ್ ಜೊತೆ ಸಂಸಾರ ಮಾಡಿದೀನಿ. ಒಂದಿನ ಮುಖ ಸಿಂಡರಿಸಿಲ್ಲ. ನಿಮ್ಮ ಬಗ್ಗೆ ಆ ಮಾತು ಹೇಳೋಕಾಗಲ್ಲ."

ಅಲ್ಲಿಗೆ ವಾರ್ಡು ಎರಡು ಪಕ್ಷವಾಯಿತು.

ಒಂಬತ್ತನೇ ಬೆಡ್ಡಿನಲ್ಲಿ ಕಾಲನ್ನು ಮೇಲಕ್ಕೆ ತೂಗುಹಾಕಿಸಿಕೊಂಡು ಮಲಗಿದ್ದ ನಿವೃತ್ತ ಮೇಷ್ಟ್ರು ಮನುಷ್ಯರ ಪಕ್ಷ. "ಬಾರಪ್ಪಾ ಇಲ್ಲಿ, ನಾನೇ ಪರೀಕ್ಷೆ ಮಾಡ್ತೀನಿ. ನಿನ್ನ ಮನೆ ಹೇಗಿದೆ, ಇಂಗ್ಲಿಷಲ್ಲಿ ಹೇಳು."

ಬ್ರದರ್ ಅವರ ತೋಳಿಗೆ ಬಿಪಿ ಪಟ್ಟಿ ಸುತ್ತಿ, ಗಾಳಿ ಹೊಡೆಯುತ್ತಾ ಯೋಚಿಸಿದ. ಮನೆ. ಬಾಗಿಲಿನಿಂದ ಶುರು ಮಾಡಲೇ, ಅಡುಗೆಮನೆಯಿಂದಲೇ? ಬಾಗಿಲು ಎಂದರೆ ಬಣ್ಣ ಹೇಳಬೇಕು. ಬಣ್ಣ ಹಸಿರೋ, ನೀಲಿಯೋ? ಯೋಚನೆ ಬೆಳೆದಂತೆ ಕೈಯೂ ಗಾಳಿ ಹೊಡೆಯುತ್ತಲೇ ಹೋಯಿತು.

"ಅಯ್ಯಯ್ಯೋ, ಬಿಡಪ್ಪಾ! ಕಾಲಂತೂ ಹೋಯ್ತು, ಕೈನಾದ್ರೂ ಉಳಿಸು!"

"ನೋಡಿದ್ರಾ?" ಎಂದು ಎಕ್ಸ್‌ರೇಯವರು ಅವನನ್ನು ತಮ್ಮ ಕತ್ತಲೆ ಕೋಣೆಗೆ ಎಳೆದೊಯ್ದರು. ಗೋಡೆಯಲ್ಲಿ ಯಾರದೋ ಪಕ್ಕೆಲುಬಿನ ಫಿಲ್ಮ್ ಸಿಕ್ಕಿಸಿ, ತಾವು ಗಾಜಿನ ಆಚೆ ಕೂತು, ಮೈಕಿನಲ್ಲಿ ಹೇಳಿದರು: "ಈಗ ನಾನು ಕಂಪ್ಯೂಟರು. ಮುಂದಿರೋ ಚಿತ್ರ ವರ್ಣಿಸಬೇಕು. ನೆಟ್ಟಗೆ ನಿಂತ್ಕೊಳ್ಳಿ. ಉಸಿರು ಬಿಗಿ ಹಿಡೀರಿ."

ಹದಿನಾಲ್ಕು ವರ್ಷದ ಅಭ್ಯಾಸ, ಬಾಯಿತಪ್ಪಿ ಬಂದಿತ್ತು. ಬ್ರದರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಹಿಡಿದ. ಅಷ್ಟರಲ್ಲಿ ಯಾರೋ ಮೊಣಕೈ ಮುರಿದವರು ಬಂದರೆಂದು ಎಕ್ಸ್‌ರೇಯವರು ಎದ್ದು ಹೋದರು. ಉಸಿರು ಬಿಡಿ ಎನ್ನುವವರೇ ಇಲ್ಲ. ಹೆಡ್ ಸಿಸ್ಟರ್ ಹುಡುಕಿಕೊಂಡು ಬಂದಾಗ ಬ್ರದರ್‌ನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಬಿಡ್ರೀ ಉಸಿರು!" ಎಂದು ಅವರು ಬೆನ್ನಿಗೊಂದು ಗುದ್ದು ಕೊಟ್ಟ ಮೇಲೆಯೇ ಅವನಿಗೆ ಜೀವ ಬಂದದ್ದು.

ಇನ್ನು ಇವರನ್ನೆಲ್ಲ ನಂಬಿದರೆ ಆಗದು, ಮೂಲದಲ್ಲೇ ವಿಚಾರಿಸಬೇಕು ಎಂದುಕೊಂಡ. ಎರಡೂ ಪರೀಕ್ಷೆ ನಡೆಸುವುದು ಒಂದೇ ಕೇಂದ್ರ, ವಿಚಾರಣೆಗೂ ಒಂದೇ ನಂಬರು. ಹತ್ತೂವರೆಗೆ ಫೋನು ಮಾಡಿದ. ಎತ್ತಿಕೊಂಡ ಹೆಂಗಸಿನದು ತಾಳ್ಮೆಯ ದನಿ. ಆಕೆಗೆ ಕನ್ನಡದ ಗಂಧಗಾಳಿಯೂ ಇರಲಿಲ್ಲ. ಬ್ರದರ್ ಚೀಟಿಯಲ್ಲಿ ಬರೆದುಕೊಂಡಿದ್ದನ್ನು ಓದಿ, ಉತ್ತರ ಬಂದೊಡನೆ ಫೋನಿಟ್ಟು, ನೀರು ಕುಡಿದ.

ಒಂದು ಉತ್ತರದಿಂದ ಎರಡು ಅನುಮಾನ ಹುಟ್ಟಿದವು. ಎದುರಿಗೆ ಕೂತವರು ಹುಬ್ಬು ಗಂಟಿಕ್ಕಿದರೆ ಅದು ಸಿಟ್ಟೋ, ಅವರ ಮುಖವೇ ಹಾಗೋ? ಮತ್ತೆ ಫೋನು. ಕೆಮ್ಮಿದರೆ ಮಿಷನ್ನು ಕೆಮ್ಮನ್ನೂ ಮಾತೆಂದು ಲೆಕ್ಕ ಹಿಡಿಯುತ್ತದೆಯೇ? ಮತ್ತೆ ಫೋನು. ಈ ಸಲ ಚೀಟಿ ಬರೆಯಲು ಪುರುಸೊತ್ತೂ ಇರಲಿಲ್ಲ. ಎರಡಕ್ಕೆ ಡ್ಯೂಟಿ ಮುಗಿದರೂ ಮನೆಗೆ ಹೋಗದೆ, ಬೆಡ್‌ಶೀಟ್ ಇಡುವ ಕೋಣೆಯಲ್ಲಿ ಬೆಡ್‌ಶೀಟ್ ರಾಶಿಯ ಮೇಲೆಯೇ ಕೂತ. ಆ ಹೆಂಗಸು ಅವನ ದನಿ ಕೇಳಿದೊಡನೆ "ಹೇಳಿ ಬ್ರದರ್" ಎನ್ನುವಷ್ಟಾಗಿತ್ತು.

ನಾಲ್ಕೂವರೆಯ ಫೋನು ಎಲ್ಲಕ್ಕಿಂತ ದೊಡ್ಡದು. ಪಕ್ಕದ ಕಂಪ್ಯೂಟರಿನವನು ಜೋರಾಗಿ ಮಾತಾಡಿದರೆ ತನ್ನ ಗತಿಯೇನು ಎಂದು ಕೇಳಿದ. ಏನೂ ಆಗುವುದಿಲ್ಲ ಎಂದಳು. ಅದು ಹೇಗೆ ಆಗುವುದಿಲ್ಲ ಎಂದು ಜಗಳಕ್ಕೇ ನಿಂತ. ಹೆಂಡತಿ ಕಾಯುತ್ತಿರುವುದು, ಅವಳು ಸಾರಿಗೆ ಉಪ್ಪು ಮರೆಯುವುದು, ಉಪ್ಪಿಲ್ಲದ ಆ ಸಾರಿಗೂ ತಾನು ಹಂಬಲಿಸುತ್ತಿರುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡ. ಆಕೆ ನಕ್ಕಳು, ಸಮಾಧಾನ ಮಾಡಿದಳು. ಕೊನೆಗೆ ಕೇಳಿದಳು:

"ಬ್ರದರ್, ಬೆಳಿಗ್ಗೆಯಿಂದ ನೀವು ನನ್ನ ಜೊತೆ ಎರಡೂವರೆ ಗಂಟೆ ಇಂಗ್ಲಿಷ್ ಮಾತಾಡಿದ್ದೀರಿ, ಗೊತ್ತೇ?"

ಬ್ರದರ್ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ಮತ್ತೆ ಕಿವಿಗಿಟ್ಟ.

"ಪ್ರತಿ ಶನಿವಾರ ಇಲ್ಲಿ ಎದುರಿಗೆ ಕೂತು ಪರೀಕ್ಷೆ ಮಾಡುವುದೂ ನಾನೇ. ಇದೇ ಪರೀಕ್ಷೆಯಾಗಿದ್ದರೆ ನಿಮ್ಮನ್ನು ಕಣ್ಣುಮುಚ್ಚಿ ಪಾಸು ಮಾಡುತ್ತಿದ್ದೆ."

"ಮನುಷ್ಯ! ಮನುಷ್ಯನಿಗೇ ಹಾಕ್ತೀನಿ!" ಎಂದು ಕನ್ನಡದಲ್ಲೇ ಕೂಗಿ ಬ್ರದರ್ ಬಾಗಿಲು ತೆರೆದ. ಹೊಸ್ತಿಲಲ್ಲಿ ಹೆಡ್ ಸಿಸ್ಟರ್, ಎಕ್ಸ್‌ರೇಯವರು, ಊರುಗೋಲಿನ ಇಬ್ಬರು ರೋಗಿಗಳು ಕಿವಿಗೊಟ್ಟು ನಿಂತಿದ್ದರು. ಅವರ ತಲೆಯ ಮೇಲೆ ಗೋಡೆ ಗಡಿಯಾರ ಐದು ಗಂಟೆ ಏಳು ನಿಮಿಷ ತೋರಿಸುತ್ತಿತ್ತು.

"ಬೆಳಿಗ್ಗೆಯಿಂದ ತಲೆ ತಿಂದ್ರಲ್ಲ, ಐದಾಯ್ತು ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?" ಎಂದ ಬ್ರದರ್.

ಹೆಡ್ ಸಿಸ್ಟರ್ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಂಗ್ಲಿಷಲ್ಲಿ ಅಷ್ಟು ಚೆನ್ನಾಗಿ ಜಗಳ ಆಡ್ತಿದ್ರಿ ಬ್ರದರ್. ಮಧ್ಯ ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ."

ಬ್ರದರ್ ಮತ್ತೆ ಬೆಡ್‌ಶೀಟಿನ ರಾಶಿಗೆ ಕುಸಿದು, ಫೋನನ್ನು ಕಿವಿಗೆ ಹಿಡಿದು, ಐದು ದಾಟಿ ಹೋದದ್ದನ್ನು ಹೇಳಿದ. ಹೋಗಲಿ ಬಿಡಿ, ಆ ಆಸ್ಪತ್ರೆಯವರು ಮೂರು ತಿಂಗಳಿಗೆ ಮತ್ತೆ ಅರ್ಜಿ ಕರೆಯುತ್ತಾರೆ ಎಂದಳು ಆಕೆ.

"ಆಗ್ಲಿ ಮೇಡಂ, ಆಗ ನೀವೇ ಎದುರಿಗೆ ಕೂರ್ತೀರಲ್ಲ, ಅಷ್ಟು ಸಾಕು."

"ಅದೊಂದು ಆಗುವುದಿಲ್ಲ ಬ್ರದರ್. ಪರಿಚಯದವರನ್ನು ನಾವು ಪರೀಕ್ಷೆ ಮಾಡುವ ಹಾಗಿಲ್ಲ. ನನಗೀಗ ನಿಮ್ಮ ಮನೆಯ ಸಾರಿನ ರುಚಿಯೂ ಗೊತ್ತು. ನನ್ನ ಬದಲು ಇನ್ನೊಬ್ಬರು ಕೂರುತ್ತಾರೆ. ಬೇಡವಾದರೆ ಕಂಪ್ಯೂಟರ್ ಇದ್ದೇ ಇದೆ. ಯಾವುದಕ್ಕೆ ಬರೆದುಕೊಳ್ಳಲಿ?"

ಬಾಗಿಲಲ್ಲಿ ಹೆಡ್ ಸಿಸ್ಟರ್ ಮತ್ತು ಎಕ್ಸ್‌ರೇಯವರು ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ಬ್ರದರ್ ಕೈಯೆತ್ತಿ ಅವರನ್ನು ತಡೆದು, ಫೋನಿಗೆ ಮೆಲ್ಲಗೆ ಕೇಳಿದ:

"ಮೇಡಂ, ಆ ಇನ್ನೊಬ್ಬರ ಹುಬ್ಬು ಹೇಗಿದೆ?"